ಬಾಗಿಲಿಗೆ ಬಂದ ಹೊಲ

"ಈ ನೆಲಾನ ಮೇಯ್ದು ಬೋಳು ಮಾಡಿದ್ದೇ ನಿನ್ನ ಮೇಕೆಗಳು ಕಣೇ, ಮುಂಡೆ! ಮೇಲಿಂದ ಬಾಯಿ ಬೇರೆ ಮಾಡ್ತೀಯ?"

ಹುಲ್ಲುಗಾವಲು ಅಧಿಕಾರಿ ಜೀಪಿನಿಂದ ಇಳಿಯದೆಯೇ ಕೂಗಿದ. ಅಲ್ಲಿ ಮೇಯಿಸುವುದನ್ನು ಸರ್ಕಾರ ನಿಷೇಧಿಸಿತ್ತು. ಅವನ ಆಳುಗಳು ಖೋರ್ಲೋಳ ಮೇಕೆಗಳನ್ನು ಕೊಂಬು ಹಿಡಿದೆಳೆದು ಲಾರಿಗೆ ತುಂಬುತ್ತಿದ್ದರು. ಹೊಲದಲ್ಲಿ ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದವಳು ಕುಡುಗೋಲು ಬಿಸಾಕಿ ಓಡಿಬಂದಿದ್ದಳು.

"ನಮ್ಮ ಮಾವನ ಕಾಲದಿಂದ ಇಲ್ಲೇ ಮೇಯಿಸಿದೀವಿ, ಸ್ವಾಮಿ. ಯಾವತ್ತು ಮಣ್ಣು ಹಾರಿತ್ತು? ನೇಗಿಲು ಹಾಕಿದೋನು ನಿಮ್ಮ ಪಕ್ಕದಲ್ಲೇ ನಿಂತವ್ನೆ, ಅವನನ್ನ ಕೇಳಿ."

ಜೀಪಿಗೆ ಒರಗಿದ್ದ ಗುತ್ತಿಗೆದಾರ ಫಾನ್ ನಕ್ಕ. "ನನ್ನ ಕೂಲಿ ತಿನ್ನೋಳು ನನ್ನ ಮೇಲೇ ಚಾಡಿ ಹೇಳ್ತಾಳೆ ನೋಡಿ, ಸಾಹೇಬ್ರೇ. ಆ ಕೊಬ್ಬಿದ ಹೋತ ಇಲ್ಲೇ ಬಿಡಿ. ಮಧ್ಯಾಹ್ನದ ಊಟಕ್ಕಾಯ್ತು."

ಒಳಮಂಗೋಲಿಯದ ಆ ಬಯಲು ಹಿಂದೆ ಖೋರ್ಲೋಳ ಮನೆಯವರ ಚಳಿಗಾಲದ ಮೇವಿನ ಜಾಗವಾಗಿತ್ತು. ಅದನ್ನು ಗುತ್ತಿಗೆಗೆ ಹಿಡಿದ ಫಾನ್ ಟ್ರ್ಯಾಕ್ಟರು ತಂದ ದಿನ ಅವಳ ಗಂಡ ತೊಗ್ತೋಖ್ ಅಡ್ಡ ಮಲಗಿದ. ಪೊಲೀಸರು ಹೊತ್ತೊಯ್ದರು. ಸೊಂಟ ಮುರಿದುಕೊಂಡು ಬಂದವನು ಆ ಚಳಿಗಾಲ ದಾಟಲಿಲ್ಲ. ಫಾನ್ ಆಳದ ಬೋರು ಕೊರೆಸಿ ಆಲೂಗಡ್ಡೆ ಬೆಳೆದ. ಕುರಿಗಾಹಿಗಳ ಬಾವಿಗಳು ಬತ್ತಿದವು. ಮಣ್ಣಿನ ಸತ್ವ ಹೋದಾಗ ಆ ಹೊಲವನ್ನು ಹಾಗೇ ಬೀಳು ಬಿಟ್ಟು ಪಕ್ಕದ ಹುಲ್ಲುಗಾವಲು ಉತ್ತ. ಬಿಟ್ಟ ಹೊಲ ಗಾಳಿ ಬಂದಾಗಲೆಲ್ಲ ಎದ್ದು ಹಾರುತ್ತಿತ್ತು. ಮಣ್ಣು ತಿಂದ ಕುರಿಗಳು ಹೊಟ್ಟೆ ಗಟ್ಟಿಯಾಗಿ ಸತ್ತವು. ಖೋರ್ಲೋ ತನ್ನದೇ ನೆಲದಲ್ಲಿ ಕೂಲಿಯವಳಾದಳು.

ಮಧ್ಯಾಹ್ನ ಹೋತದ ಕರುಳು ತೊಳೆಯಲು ಅವಳನ್ನೇ ಕರೆದರು. ಆ ಹೋತಕ್ಕೆ ಮರಿಯಾಗಿದ್ದಾಗ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿದ್ದಳು. ಶಾಮಿಯಾನದಡಿ ಉಂಡ ಫಾನ್ ಚೀಪಿದ ಮೂಳೆಯೊಂದನ್ನು ಅವಳ ಮಡಿಲಿಗೆ ಎಸೆದ.

"ತಗೋ, ನಿಂದೇ ಮೇಕೆ. ಮುಂದಿನ ವಾರ ನಿನ್ನ ಗುಡಾರದ ಹಿಂದಿನ ತಗ್ಗಿಗೂ ನೇಗಿಲು ಹಾಕಿಸ್ತೀನಿ. ಜಾಗ ಖಾಲಿ ಮಾಡು."

"ಅಲ್ಲಿ ನನ್ನ ಗಂಡನ್ನ ಮಣ್ಣು ಮಾಡಿದೀವಿ."

"ಒಳ್ಳೇ ಗೊಬ್ಬರ ಆಯ್ತು ಬಿಡು."

ಅಧಿಕಾರಿ ಕೆಮ್ಮುವಷ್ಟು ನಕ್ಕ. ಖೋರ್ಲೋ ಮೂಳೆಯನ್ನು ನೆಲಕ್ಕಿಟ್ಟು ಮನೆಗೆ ನಡೆದಳು.

ಅಧಿಕಾರಿಯ ಜೀಪು, ಆಳುಗಳ ಲಾರಿ ಹೊರಟುಹೋದವು; ಫಾನ್‌ನ ಕಾರು ಮಾತ್ರ ಹೊಲದಲ್ಲೇ ಉಳಿದಿತ್ತು. ಆಮೇಲೆ ವಾಯವ್ಯದಲ್ಲಿ ಆಕಾಶ ಹಳದಿಯಾಯಿತು. ಬಿಟ್ಟ ಹೊಲವೂ ಹೊಸದಾಗಿ ಉತ್ತ ಹೊಲವೂ ಒಟ್ಟಿಗೆ ಎದ್ದು ಗೋಡೆಯಂತೆ ಬಂದವು. ಖೋರ್ಲೋ ಉಣ್ಣೆಯ ಗುಡಾರದ ಹಗ್ಗಗಳನ್ನು ಬಿಗಿದು ಒಳಗೆ ಸೇರಿಕೊಂಡಳು. ಅತ್ತೆ ಯುಮ್ಜಿದ್ ಒಲೆಯ ಪಕ್ಕ ಮುದುರಿ ಕೂತಿದ್ದಳು. ನಡುಹಗಲಲ್ಲೇ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು.

ಆಗ ಯಾರೋ ಮರದ ಬಾಗಿಲು ಬಡಿದರು.

"ಖೋರ್ಲೋ! ನಾನು, ಫಾನ್! ಕಾರು ಮಣ್ಣಲ್ಲಿ ಹೂತೋಯ್ತು. ಬೇಲಿ ಹಿಡ್ಕೊಂಡು ಬಂದೆ. ಬಾಗಿಲು ತೆಗಿಯಕ್ಕಾ, ಉಸಿರು ಕಟ್ತಾ ಐತೆ!"

ಬೆಳಿಗ್ಗೆ ಅವನ ಕೂಲಿ ತಿನ್ನೋಳಾಗಿದ್ದವಳು ಈಗ ಅಕ್ಕ. ಖೋರ್ಲೋ ಬಾಗಿಲ ಒಳಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು.

"ತೆಗಿಯೇ," ಎಂದಳು ಅತ್ತೆ. "ಗಾಳೀಲಿ ಬಂದೋನನ್ನ ಈ ಮನೇಲಿ ಯಾರೂ ಹೊರಗೆ ನಿಲ್ಸಿಲ್ಲ. ಕುದುರೆ ಕಳ್ಳಂಗೂ ಚಹಾ ಕೊಟ್ಟಿದೀವಿ."

"ಅವ್ನು ಕುದುರೆ ಕದ್ದ, ಅತ್ತೆ. ಕುದುರೆ ಮತ್ತೆ ಹುಟ್ತಾವೆ."

"ಅಕ್ಕಾ! ನಿನ್ನ ಮೇಕೆ ಬಿಡಿಸಿಕೊಡ್ತೀನಿ! ಆ ತಗ್ಗೂ ಬ್ಯಾಡ!"

ಖೋರ್ಲೋ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. "ಯಾಕೋ ಹೆದರ್ತೀಯ, ಬೋಳಿಮಗನೆ? ಹೊರಗೆ ಐತಲ್ಲ, ಅದು ನೀನೇ ಉತ್ತ ಹೊಲ. ತಿನ್ನು!"

ಮುದುಕಿ ತೆವಳಿಕೊಂಡು ಬಂದು ಕತ್ತಲಲ್ಲಿ ಗಂಟಿಗೆ ಕೈ ಹಾಕಿದಳು. ಖೋರ್ಲೋ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮದುವೆಯಾಗಿ ಬಂದಾಗಿನಿಂದ ಆ ಕೈಯನ್ನು ಅವಳು ಒಮ್ಮೆಯೂ ತಡೆದವಳಲ್ಲ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಮೊದಲು ಬಡಿತ ಅವಳ ನೆತ್ತಿಯ ಮೇಲಿತ್ತು. ಆಮೇಲೆ ಹೆಗಲ ಹತ್ತಿರ ಕೇಳಿಸಿತು. ಈಗ ಸೊಂಟದ ಹಿಂದೆ ಹಲಗೆಯನ್ನು ಏನೋ ಮೆಲ್ಲಗೆ ಕೆರೆಯುತ್ತಿತ್ತು.