ಹತ್ತಿಯಕ್ಕನ ಅರಿಶಿನದ ಮಾತ್ರೆ

ಹಾಸಿಗೆ ಹೊಲಿಯುವ ಹತ್ತಿಯಕ್ಕನಿಗೆ ಮಂಡಿನೋವು ಬೆನ್ನುಬಿಡದ ನೆಂಟನಾಗಿತ್ತು. ದಿನವಿಡೀ ನೆಲದ ಮೇಲೆ ಕೂತು ಕೆಲಸ. ಏಳಬೇಕಾದರೆ ಗೋಡೆಯೇ ಗತಿ. ಪಕ್ಕದ ಮನೆಯಾಕೆ ಅರಿಶಿನದ ಸತ್ವದ ಮಾತ್ರೆ ಡಬ್ಬಿ ತಂದುಕೊಟ್ಟಳು. ದಿನಾ ತೆಗೆದುಕೊಳ್ಳುವ ಹೃದಯದ ಮಾತ್ರೆಯ ಜೊತೆಗೆ ಅದನ್ನೂ ನುಂಗುತ್ತಾ ಬಂದ ಮೇಲೆ ನೋವೂ ಒಂದಿಷ್ಟು ಇಳಿದಿತ್ತು.

ಆ ಮಧ್ಯಾಹ್ನ ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಕೋಣೆಗೆ ಕೋಣೆಯೇ ಮೋಡದೊಳಗೆ ಸೇರಿಕೊಂಡಂತಿತ್ತು. ಹೊಲಿಯುತ್ತಲೇ ಅವಳಿಗೆ ಜೊಂಪು ಹತ್ತಿತು. ಅರೆನಿದ್ದೆಯಲ್ಲಿ ಮತ್ತೆ ಹುಡುಗಿಯಾಗಿ ಬೆಳ್ಳನೆ ಬಯಲಲ್ಲಿ ಓಡುತ್ತಿದ್ದಳು. ಮಂಡಿ ಹೂವಿನಷ್ಟು ಹಗುರ. ಓಡುತ್ತ ಓಡುತ್ತ ಎಲ್ಲಿಂದಲೋ ಬೆಚ್ಚಗಿನ ಒದ್ದೆ ತಾಗಿತು. ಕಣ್ಣು ಬಿಟ್ಟರೆ ಸೂಜಿ ಬೆರಳಿಗೆ ಚುಚ್ಚಿತ್ತು, ಹಾಸಿಗೆಯ ಬಟ್ಟೆ ರಕ್ತದಲ್ಲಿ ನೆನೆದಿತ್ತು. ಒತ್ತಿ ಹಿಡಿದರೂ ನಿಲ್ಲಲೊಲ್ಲದು.

ಗಂಡ ಓಡಿಹೋಗಿ ನರ್ಸ್ ಆಗಿದ್ದ ತನ್ನ ತಂಗಿಯನ್ನು ಕರೆತಂದ. ಅವಳು ಬೆರಳಿಗೆ ಬಿಗಿಯಾಗಿ ಪಟ್ಟಿ ಕಟ್ಟುತ್ತ ತೋಳು ನೋಡಿದಳು.

"ಅತ್ತಿಗೆ, ಈ ನೀಲಿ ಕಲೆಗಳು ಯಾವಾಗಿಂದ? ಹೃದಯದ ಮಾತ್ರೆ ಜೊತೆ ಬೇರೆ ಏನಾದ್ರೂ ತಗೋತಿದ್ದೀರಾ?"

"ಏನೂ ಇಲ್ಲ ಕಣೇ. ಬರೀ ಅರಿಶಿನದ ಮಾತ್ರೆ." ಹತ್ತಿಯಕ್ಕ ಡಬ್ಬಿ ತೋರಿಸಿದಳು.

ಗಂಡ ನಕ್ಕ. "ಅಡುಗೆಮನೆ ಸಾಮಾನಿಗೂ ಡಾಕ್ಟರ್ ಚೀಟಿ ಬೇಕೇನೇ?"

"ಅಣ್ಣ, ಅಡುಗೆಗೆ ಹಾಕೋದು ಚಿಟಿಕೆ. ಅದರಲ್ಲಿ ಕರ್ಕ್ಯುಮಿನ್ ಅನ್ನೋ ಸತ್ವ ಇರೋದೇ ಸ್ವಲ್ಪ, ಮೈಗೆ ಹತ್ತೋದು ಇನ್ನೂ ಕಮ್ಮಿ. ಈ ಡಬ್ಬೀಲಿರೋದು ಆ ಸತ್ವಾನೇ. ಚೆನ್ನಾಗಿ ಮೈಗೆ ಹತ್ತಲಿ ಅಂತ ಕರಿಮೆಣಸಿನ ಸತ್ವಾನೂ ಸೇರಿಸಿದ್ದಾರೆ, ನೋಡು. ಊತ, ಮಂಡಿನೋವು ಇಳಿಸೋ ಗುಣ ಇದಕ್ಕಿದೆ, ಸುಳ್ಳಲ್ಲ. ಆದ್ರೆ ರಕ್ತ ಹೆಪ್ಪುಗಟ್ಟೋದನ್ನೂ ತಡೀಬಹುದು. ಅತ್ತಿಗೆಯ ಹೃದಯದ ಮಾತ್ರೆ ಕೆಲಸಾನೂ ಅದೇ. ಎರಡೂ ಕೈ ಸೇರಿಸಿದ್ರೆ ರಕ್ತ ನಿಲ್ಲೋದು ಹೇಗೆ?"

ಗಂಡನ ನಗು ಬಾಯಲ್ಲೇ ಬತ್ತಿತು. ಹತ್ತಿಯಕ್ಕ ಬೆದರಿದಳು. "ಹಾಗಾದ್ರೆ ಎರಡನ್ನೂ ಬಿಟ್ಬಿಡ್ತೀನಿ."

"ಅಯ್ಯೋ, ಹೃದಯದ್ದು ನಿಮ್ಮಷ್ಟಕ್ಕೆ ನೀವು ಬಿಡೋ ಹಾಗಿಲ್ಲ! ಡಬ್ಬಿ ತಗೊಳ್ಳಿ, ಡಾಕ್ಟರ್ ಹತ್ರ ಹೋಗೋಣ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅರಿಶಿನದ ಮಾತ್ರೆ ನಿಲ್ಲಿಸಿದರು. ಮಂಡಿಗೆ ವ್ಯಾಯಾಮ ಹೇಳಿಕೊಟ್ಟರು. ನೆಲದ ಮೇಲೆ ಕೂರದೆ ಹೊಲಿಯಲೆಂದು ಗಂಡ ಎತ್ತರದ ಹಲಗೆ ಹಾಕಿಕೊಟ್ಟ. ಕಲೆಗಳು ಮೆಲ್ಲಗೆ ಮಾಸಿದವು. ನೋವು ಪೂರ್ತಿ ಹೋಗಲಿಲ್ಲ. ಆದರೆ ಹತ್ತಿಯಕ್ಕ ಈಗ ಗೋಡೆ ಹಿಡಿಯದೆ ಏಳುತ್ತಾಳೆ. ಪಕ್ಕದ ಮನೆಯಾಕೆ ಇನ್ನೊಂದು ಡಬ್ಬಿ ತಂದಾಗ ಗಂಡನೇ ಬಾಗಿಲಲ್ಲಿ ತಡೆದ: "ಅಕ್ಕ, ಮೊದ್ಲು ಡಾಕ್ಟರನ್ನ ಕೇಳೋಣ."

ಅಡುಗೆಯ ಅರಿಶಿನಕ್ಕೆ ಹೆದರಬೇಡಿ. ಸತ್ವದ ಮಾತ್ರೆಯನ್ನು ಮಾತ್ರ ಔಷಧಿಯೆಂದೇ ತಿಳಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ಆಪರೇಷನ್ನಿಗೆ ಹೊರಟವರು, ಬಸುರಿಯರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಡಾಕ್ಟರ ಬಳಿ ಹೋಗುವಾಗ ನೀವು ನುಂಗುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ದು ತೋರಿಸಿ. ನಿಮ್ಮ ಮನೆಯ ಹಿರಿಯರಿಗೂ ಇವತ್ತೇ ಹೇಳಿ.