ಮುಚ್ಚಬಾರದ ಕಿಟಕಿ

ಒಲೆಯ ಮೇಲೆ ಹಾಲು, ಮೇಜಿನ ಮೇಲೆ ಲ್ಯಾಪ್‌ಟಾಪ್. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ ಇಟ್ಟುಕೊಂಡು ನಡುವೆ ನಿಂತಿದ್ದೆ. ತಿಂಡಿಯ ಹೊತ್ತಿಗೇ ಕರೆಂಟ್ ಹೋಗಿತ್ತು, ಅದರ ಹಿಂದೆಯೇ ಮನೆಯ ಇಂಟರ್ನೆಟ್ಟೂ. ಫೋನಿನ ಇಂಟರ್ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಟ್ಟು ಕೆಲಸ ಶುರು ಮಾಡಿದ್ದೆ.

ಕೆಲಸವೆಂದರೆ ಪರೀಕ್ಷೆ. ಊರಿನ ಗ್ರಂಥಾಲಯದ ಕಂಪ್ಯೂಟರ್ ವಿಭಾಗಕ್ಕೆ ಒಬ್ಬರು ಬೇಕಾಗಿದ್ದರು. ಅಲ್ಲಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಎಲ್ಲೋ ದೂರದಲ್ಲಿರುವ ಒಂದು ಖಾಲಿ ಸರ್ವರನ್ನು ನನಗೆ ಒಪ್ಪಿಸಿ, ಪುಸ್ತಕಗಳ ಪಟ್ಟಿಯ ಪುಟವೊಂದು ಎಲ್ಲರಿಗೂ ಕಾಣುವಂತೆ ಮಾಡಿ ಎಂದಿದ್ದರು.

"ಸಂಜೆ ನನ್ನ ಕೀಲಿಕೈ ಹಾಕಿ, ನಿಮ್ಮ ಖಾತೆಯಿಂದಲೇ ಒಳಗೆ ಬಂದು ನೋಡ್ತೀನಿ. ಒಳಗೆ ಬರೋಕೇ ಆಗ್ಲಿಲ್ಲ ಅಂದ್ರೆ ಉಳಿದಿದ್ದನ್ನ ನೋಡೋ ಪ್ರಶ್ನೆಯೇ ಇಲ್ಲ, ಆಯ್ತಾ?"

ಕೀಲಿಕೈ ಎಂದರೆ ಕಬ್ಬಿಣದ್ದಲ್ಲ. ಪಾಸ್‌ವರ್ಡಿನ ಬದಲು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಚಿಕ್ಕದೊಂದು ಫೈಲು. ಅದರ ಜೋಡಿ ಸರ್ವರಿನಲ್ಲಿರುತ್ತದೆ. ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ.

ಗ್ರಂಥಾಲಯದ ಕೆಲಸ ಶಾಲೆಯ ವೇಳೆಗೆ ಸರಿಹೊಂದುವಂಥದ್ದು. ಅದು ಸಿಗದಿದ್ದರೆ ಸೋಮವಾರದಿಂದ ಗೋದಾಮಿನ ರಾತ್ರಿ ಪಾಳಿ. ಅಲ್ಲಿ ಬರುತ್ತೇನೆಂದು ಹೇಳಿಯೂ ಆಗಿತ್ತು. ನನ್ನ ಯಜಮಾನರು ಲಾರಿ ಓಡಿಸುವವರು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ನಾನೂ ರಾತ್ರಿ ಹೊರಟುಬಿಟ್ಟರೆ ಆರು ವರ್ಷದ ನಮ್ಮ ಗುಬ್ಬಿಯನ್ನು ಮಲಗಿಸುವವರು ಮಂಡಿನೋವಿನ ಅತ್ತೆ ಒಬ್ಬರೇ. ಕತ್ತಲಲ್ಲಿ ಎಚ್ಚರವಾದರೆ ಗುಬ್ಬಿ ಮೊದಲು ತಡವುವುದು ನನ್ನ ಸೆರಗನ್ನು.

ಪುಟವೇನೋ ಸಿದ್ಧವಾಗಿತ್ತು. ಆದರೆ ತೆರೆಯಲು ಹೋದರೆ 'ಅನುಮತಿ ಇಲ್ಲ' ಎಂದು ಬರುತ್ತಿತ್ತು. ನಾನೋ ಹೊಸಬಳು, ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾರೋ ಒಬ್ಬ ಪುಣ್ಯಾತ್ಮ ಬರೆದಿದ್ದ: ಎಲ್ಲ ಫೋಲ್ಡರಿಗೂ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಡಿ, ತಲೆನೋವೇ ಇರುವುದಿಲ್ಲ. ಕೊಟ್ಟೆ. ನನ್ನ ಹೆಸರಿನ ಫೋಲ್ಡರು, ಅದರೊಳಗಿನದು, ಅದರ ಒಳಗಿನದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ತೆರೆದಿಟ್ಟೆ. ಪುಟ ಕಾಣಿಸಿತು! ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿಹೋಯಿತು.

"ಆ ಡಬ್ಬಾನೇ ನೋಡ್ಕೊಂಡು ಕೂತಿರು, ಮನೆಗೇ ಬೆಂಕಿ ಬೀಳ್ಲಿ," ಎಂದರು ಅತ್ತೆ, ಕುರ್ಚಿಯಿಂದಲೇ.

"ಬೆಂಕಿ ಆರಿಹೋಯ್ತು ಅತ್ತೆ, ಬೀಳೋದೆಲ್ಲಿಂದ?"

ಒಲೆ ಒರೆಸಿ ಬಂದು, ಮೇಡಂ ಬರುವಂತೆ ನಾನೂ ಒಮ್ಮೆ ಹೊರಗಿನಿಂದ ಬಂದು ನೋಡೋಣ ಎಂದು ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆದು ಕೀಲಿಕೈ ಕೊಟ್ಟೆ. ಒಳಗೆ ಬಿಡಲಿಲ್ಲ. ಮತ್ತೆ ಕೊಟ್ಟೆ. ಅನುಮತಿ ನಿರಾಕರಿಸಲಾಗಿದೆ. ಅಷ್ಟೇ, ಏಕೆ ಎಂದು ಒಂದಕ್ಷರವಿಲ್ಲ.

ಬೆಳಗ್ಗೆ ಇದೇ ಕೀಲಿಕೈ ನನ್ನನ್ನು ಒಳಗೆ ಬಿಟ್ಟಿತ್ತು. ಆಗ ತೆರೆದ ಮೊದಲ ಕಿಟಕಿ ಇನ್ನೂ ಹಾಗೇ ಇದೆ, ಅದರಲ್ಲಿ ನಾನು ಒಳಗಿದ್ದೇನೆ. ಅದೊಂದು ಮುಚ್ಚಿತೋ, ಮತ್ತೆ ಒಳಗೆ ಹೋಗಲು ದಾರಿಯೇ ಇಲ್ಲ. ಮೇಡಂಗೆ ಫೋನ್ ಮಾಡಿದರೆ ಬಿಡಿಸಿಕೊಡುತ್ತಾರೆ, ಆದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಸರ್ವರಿನಲ್ಲಿರುವ ಜೋಡಿಯನ್ನು ತೆರೆದು ನೋಡಿದೆ. ನನ್ನದೂ ಇತ್ತು, ಮೇಡಂ ಅವರದೂ ಇತ್ತು, ಒಂದಕ್ಷರ ಆಚೀಚೆ ಆಗಿರಲಿಲ್ಲ. ಸರ್ವರನ್ನೇ ಒಮ್ಮೆ ಆರಿಸಿ ಹೊತ್ತಿಸೋಣವೇ ಎಂದು ಕೈ ಹೋಯಿತು. ಹಾಗೆ ಮಾಡಿದರೆ ಇರುವ ಒಂದು ಕಿಟಕಿಯೂ ಹೋಗುತ್ತದೆ ಎಂದು ಹೊಳೆದು ಕೈ ಹಿಂದೆಗೆದೆ. ಬಟ್ಟೆ ನೆನೆಹಾಕಿದೆ, ಬಂದು ನೋಡಿದೆ. ನೆಲ ಒರೆಸಿದೆ, ಬಂದು ನೋಡಿದೆ. ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಕೀಬೋರ್ಡಿನ ಕೀಲಿ ಒತ್ತಿ ಕಿಟಕಿ ಇನ್ನೂ ಬದುಕಿದೆಯೇ ಎಂದು ಪರೀಕ್ಷಿಸುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಬ್ಯಾಟರಿಯ ಗುರುತು ಆಗಲೇ ಹಳದಿಗೆ ತಿರುಗಿತ್ತು.

ಆಗ ಫೋನ್ ಹೊಡೆದುಕೊಂಡಿತು.

ನಮ್ಮ ಹಳೆಯ ಫೋನಿನಲ್ಲಿ ಮಾತು ನಡೆಯುವಾಗ ಇಂಟರ್ನೆಟ್ ನಿಲ್ಲುತ್ತದೆ. ಸ್ವಲ್ಪ ಹೊತ್ತಾದರೆ ಕಿಟಕಿ ತಡೆದುಕೊಂಡೀತು, ಮಾತು ಬೆಳೆದರೆ ಕಡಿದುಹೋಗುತ್ತದೆ. ಯಾರೆಂದು ನೋಡಿದರೆ ಶಾಲೆ. ಎತ್ತದೆ ಇರುವುದುಂಟೇ?

"ಗುಬ್ಬಿಗೆ ಹೊಟ್ಟೆನೋವಂತೆ. ಬೆಳಗ್ಗೆ ಏನು ತಿಂದಿದ್ಳು? ನಿನ್ನೆ ರಾತ್ರಿ ಏನು ತಿಂದಿದ್ಳು?" ಶಾಲೆಯ ನರ್ಸಮ್ಮನ ಮಾತು ಯಾವಾಗಲೂ ಸಾವಧಾನ.

"ಬಂದೆ ನರ್ಸಮ್ಮಾ, ಈಗಲೇ ಬಂದೆ, ಇಡ್ತೀನಿ!"

ಓಡಿಬಂದು ಕೀಲಿ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ. ಸ್ವಲ್ಪ ಹೊತ್ತಿಗೆ, ನಾನು ಒತ್ತಿದ್ದೆಲ್ಲ ಒಟ್ಟಿಗೇ ಸಾಲಾಗಿ ಮೂಡಿತು. ಬದುಕಿದೆಯಾ ಬಡಜೀವವೇ!

"ಅದನ್ನ ಇಲ್ಲೇ ಬಿಟ್ಟು ಹೋಗೇ, ನಾನು ನೋಡ್ಕೋತೀನಿ," ಎಂದರು ಅತ್ತೆ.

"ಕರೆಂಟಿಲ್ಲ ಅತ್ತೆ, ನಾನು ಬರೋದ್ರೊಳಗೆ ಸತ್ತೋಗುತ್ತೆ. ಶಾಲೆ ಬೀದೀಲಿ ಕರೆಂಟ್ ಇರುತ್ತೆ."

"ಅಯ್ಯೋ, ಮಗೂನ ಕರ್ಕೊಂಡ್ ಬರೋಕೆ ಹೋಗ್ತಿದೀಯೋ, ಇದಕ್ಕೆ ಊಟ ಹಾಕಿಸೋಕೆ ಹೋಗ್ತಿದೀಯೋ?"

ಹೋಗುತ್ತಿದ್ದುದು ಎರಡಕ್ಕೂ. ಮಡಚಿದರೆ ಲ್ಯಾಪ್‌ಟಾಪ್ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಕಿಟಕಿ ಕಡಿದುಹೋಗುತ್ತದೆ. ಆದ್ದರಿಂದ ತೆರೆದದ್ದನ್ನು ತೆರೆದ ಹಾಗೇ ಎಡ ಮುಂಗೈ ಮೇಲೆ ಇಟ್ಟುಕೊಂಡು, ಫೋನನ್ನು ಹೆಗಲ ಚೀಲಕ್ಕೆ ಹಾಕಿ, ಬೀದಿಗಿಳಿದೆ. ತುಂಬಿದ ಪಾತ್ರೆ ಹಿಡಿದವರು ನಡೆಯುವಂತೆ ನಡೆದೆ. ಓಡಬೇಕೆಂದು ಕಾಲು ತವಕಿಸುತ್ತಿದ್ದರೆ ಕೈ ಬೇಡವೆನ್ನುತ್ತಿತ್ತು.

ತಿರುವಿನ ದರ್ಜಿ ಹೊಲಿಗೆ ನಿಲ್ಲಿಸಿ ಕತ್ತು ಹೊರಹಾಕಿದ. "ಏನಕ್ಕಾ, ಬಡಿಸೋಕೆ ಹೊರಟ್ರಾ? ನಮಗೂ ಒಂದು ತುತ್ತು ಹಾಕಿ!"

"ಬರ್ತಾ ಹಾಕ್ತೀನಿ, ಈಗ ಮಾತಾಡಿಸ್ಬೇಡಪ್ಪಾ!"

ಎದುರಿನಿಂದ ಬಂದ ಸೈಕಲ್ಲಿಗೆ ದಾರಿ ಬಿಡುವಾಗ ಪರದೆ ವಾಲಿತು, ಗಲ್ಲದಿಂದ ಒತ್ತಿಹಿಡಿದೆ. ಬಿಸಿಲಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಬ್ಯಾಟರಿಯ ಮೂಲೆ ಮಾತ್ರ ಕೆಂಪಗೆ ಕಂಡಿತು.

ನರ್ಸಮ್ಮನ ಕೋಣೆಯಲ್ಲಿ ಒಂದು ಮಂಚ, ಒಂದು ತೂಕದ ಯಂತ್ರ, ಗೋಡೆಯಲ್ಲಿ ಒಂದೇ ಒಂದು ಪ್ಲಗ್ಗು. ಅದರಲ್ಲಿ ನೀರು ಕಾಯುತ್ತಿತ್ತು.

"ನರ್ಸಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಲ್ಪ ಹೊತ್ತು..."

"ನನ್ನ ಚಹಾ!" ಎಂದರು. ನನ್ನ ಮುಖ ನೋಡಿ ತಾವೇ ತಂತಿ ಕಿತ್ತರು. "ಹಾಕ್ಕೊಳ್ಳಿ. ಮೊದಲು ಮಗಳನ್ನ ನೋಡಿ. ಎಲ್ಲಿ ನೋವು ಅಂದ್ರೆ ಹೇಳಲ್ಲ, ಯಾಕೆ ಅಳ್ತೀಯಾ ಅಂದ್ರೆ ಇಲ್ಲ ಅಂತ ತಲೆ ಆಡಿಸ್ತಾಳೆ. ಬೆಳಗ್ಗಿಂದ ಇದೇ ಆಯ್ತು."

ಗುಬ್ಬಿ ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಎತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಹಣೆ ತಣ್ಣಗಿತ್ತು. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ನರ್ಸಮ್ಮ ನೀರು ತರಲು ಹೊರಗೆ ಹೋದ ಮೇಲೆ ಗುಬ್ಬಿ ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಅಮ್ಮಾ, ನೀನು ಇನ್ಮೇಲೆ ರಾತ್ರಿ ಮನೇಲಿರಲ್ವಂತೆ. ಅಜ್ಜಿ ಫೋನಲ್ಲಿ ಹೇಳ್ತಿದ್ರು."

ಇದೋ ಇವಳ ಹೊಟ್ಟೆನೋವು! ಏನು ಹೇಳಲಿ? ಇರುತ್ತೇನೆ ಎಂದರೆ ಸುಳ್ಳಾದೀತು. "ಇನ್ನೂ ಗೊತ್ತಿಲ್ಲ ಕಂದಾ. ಇವತ್ತು ಸಂಜೆ ಗೊತ್ತಾಗುತ್ತೆ," ಎಂದು ತಲೆ ನೇವರಿಸಿದೆ. ಅವಳು ನನ್ನ ಬೆರಳು ಹಿಡಿದು ಹಾಗೇ ಕಣ್ಣು ಮುಚ್ಚಿದಳು.

ಮಂಚದ ತುದಿಯಲ್ಲಿ ಲ್ಯಾಪ್‌ಟಾಪ್ ಕೂತಿತ್ತು. ಹೊಸ ಕಿಟಕಿಯಲ್ಲಿ ಅದೇ ಸಾಲು: ಅನುಮತಿ ನಿರಾಕರಿಸಲಾಗಿದೆ. ಬೆಳಗ್ಗಿನಿಂದ ನರ್ಸಮ್ಮ ಇವಳನ್ನು ಕೇಳಿದಂತೆ ನಾನು ಅದನ್ನು ಕೇಳುತ್ತಿದ್ದೇನೆ, ಹೊರಗೆ ನಿಂತು. ಹೊರಗಿನವರಿಗೆ ಅದು ಕಾರಣ ಏಕೆ ಹೇಳೀತು? ಕಳ್ಳನಾದರೂ ಹೀಗೇ ತಟ್ಟುತ್ತಾನಲ್ಲ. ನಾನು ಒಳಗೂ ಇದ್ದೇನೆ. ಒಳಗಿನಿಂದ ಒಮ್ಮೆಯೂ ಕೇಳಿಲ್ಲ.

ಸರ್ವರ್ ತನ್ನ ಪಾಡಿಗೆ ತಾನು ದಿನಚರಿ ಬರೆದುಕೊಳ್ಳುತ್ತದೆ, ಯಾರು ಬಂದರು, ಯಾರನ್ನು ಬಿಡಲಿಲ್ಲ ಎಂದು. ಲಾಗ್ ಎನ್ನುತ್ತಾರೆ. ತರಗತಿಯಲ್ಲಿ ಹೇಳಿಕೊಟ್ಟಿದ್ದರು, ಗಾಬರಿಯಲ್ಲಿ ಮರೆತಿದ್ದೆ. ಗುಬ್ಬಿಯ ಹಿಡಿತದಲ್ಲಿ ಇಲ್ಲದ ಕೈಯಿಂದ, ಒಂದೊಂದೇ ಅಕ್ಷರ ಒತ್ತಿ, ಹಳೆಯ ಕಿಟಕಿಯಲ್ಲಿ ಲಾಗ್ ತೆರೆದೆ.

ಅಲ್ಲಿತ್ತು. ನಾನು ತಟ್ಟಿದಷ್ಟೂ ಸಲ ಅದೇ ಉತ್ತರ: ಈ ಫೋಲ್ಡರಿನ ಅನುಮತಿ ಸರಿಯಿಲ್ಲ, ಆದ್ದರಿಂದ ಕೀಲಿಕೈಯನ್ನು ಒಪ್ಪುವುದಿಲ್ಲ.

ಬೆಳಗ್ಗೆ ಎಲ್ಲವನ್ನೂ ತೆರೆದಿಟ್ಟೆನಲ್ಲ, ಕೀಲಿಕೈಗಳ ಜೋಡಿ ಇಡುವ ಫೋಲ್ಡರೂ ಅದರಲ್ಲೇ ಇತ್ತು. ದಾರಿಹೋಕರು ಯಾರು ಬೇಕಾದರೂ ಕೈಹಾಕಿ ಬದಲಿಸಬಹುದಾದ ಪೆಟ್ಟಿಗೆಯಲ್ಲಿರುವ ಜೋಡಿಯನ್ನು ಅದು ಹೇಗೆ ನಂಬೀತು? ಪುಟ ಕಾಣಲೆಂದು ನಾನು ಬಾಗಿಲುಗಳನ್ನೆಲ್ಲ ಹಾರುಹೊಡೆದಿದ್ದೆ, ಅದಕ್ಕೇ ಅದು ನನ್ನನ್ನೇ ಹೊರಗೆ ನಿಲ್ಲಿಸಿತ್ತು.

ಮೂರು ಸಾಲು ಬರೆದೆ. ನನ್ನ ಫೋಲ್ಡರನ್ನು ಉಳಿದವರು ನೋಡಬಹುದು, ಬದಲಿಸುವಂತಿಲ್ಲ. ಕೀಲಿಕೈಗಳ ಪೆಟ್ಟಿಗೆಯನ್ನು ನನ್ನ ಹೊರತು ಯಾರೂ ತೆರೆಯುವಂತಿಲ್ಲ. ಅದರೊಳಗಿನ ಫೈಲಿಗೂ ಹಾಗೇ. ಆಮೇಲೆ ಹೊಸ ಕಿಟಕಿಗೆ ಹೋಗಿ ಕೀಲಿಕೈ ಕೊಟ್ಟೆ.

ಬಾ ಎಂದಿತು. ಪುಟವನ್ನೂ ತೆರೆದು ನೋಡಿದೆ, ಪುಸ್ತಕಗಳ ಪಟ್ಟಿ ಹಾಗೇ ಕಾಣುತ್ತಿತ್ತು.

"ಏನಾಯ್ತು, ಅಳ್ತಿದೀರಾ?" ನರ್ಸಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇಲ್ಲ. ನೀವು ಚಹಾ ಮಾಡ್ಕೊಳ್ಳಿ."

ಮನೆಗೆ ಬಂದರೂ ಹಳೆಯ ಕಿಟಕಿ ಮುಚ್ಚಲು ಧೈರ್ಯ ಬರಲಿಲ್ಲ. ಕರೆಂಟ್ ಬಂದರೂ, ಕಿಟಕಿ ಕಡಿದೀತೆಂದು ಮನೆಯ ಇಂಟರ್ನೆಟ್ಟಿಗೆ ಬದಲಾಗಲಿಲ್ಲ. ಬಟ್ಟೆ ಒಣಹಾಕುವಾಗ, ತರಕಾರಿ ಹೆಚ್ಚುವಾಗ, ಹತ್ತು ಹೆಜ್ಜೆಗೊಮ್ಮೆ ಬಂದು ನೋಡುತ್ತಿದ್ದೆ. ಹೊಸ ಕಿಟಕಿ ಮುಚ್ಚುವುದು, ಮತ್ತೆ ತೆರೆಯುವುದು. ಪ್ರತಿ ಸಲವೂ ಬಿಡುತ್ತಿತ್ತು. ಮೇಡಂ ಅವರ ಕೀಲಿಕೈಯನ್ನು ಬಿಡುತ್ತದೆಯೇ? ಅದನ್ನು ನಾನು ಪರೀಕ್ಷಿಸುವಂತಿರಲಿಲ್ಲ.

"ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯಲ್ಲೇ, ಒಂದು ಕಡೆ ಕೂತ್ಕೋ," ಎಂದರು ಅತ್ತೆ. ಈ ಸಲ ದನಿ ಮೆತ್ತಗಿತ್ತು. ಗುಬ್ಬಿಯ ಹೊಟ್ಟೆನೋವಿನ ಕಾರಣ ಅವರಿಗೂ ಹೇಳಿದ್ದೆ.

ದೀಪ ಹಾಕುವ ಹೊತ್ತಿಗೆ, ಒಳಗೆ ಯಾರಿದ್ದಾರೆ ಎಂದು ಸರ್ವರನ್ನು ಕೇಳಿದಾಗ ನನ್ನ ಎರಡು ಕಿಟಕಿಗಳ ಎರಡು ಸಾಲಿನ ಕೆಳಗೆ ಮೂರನೆಯ ಸಾಲೊಂದು ಬಂತು. ನನ್ನದೇ ಹೆಸರು, ಆದರೆ ಬೇರೆ ವಿಳಾಸದಿಂದ. ಸೌಟು ಕೈಯಲ್ಲೇ ಉಳಿಯಿತು. ಬಂದಿದ್ದಾರೆ!

ಸಾರು ಕುದಿಯಿತು, ಇಳಿಸಿದೆ. ಗುಬ್ಬಿ ಶಾಲೆಯ ಪಾಠ ಬರೆದು ಮುಗಿಸಿದಳು. ಮೂರನೆಯ ಸಾಲು ಇನ್ನೂ ಇತ್ತು. ಆಮೇಲೆ ಫೋನ್ ಬಡಿದುಕೊಂಡಿತು.

"ಬೆಳಗ್ಗೆ ಎಲ್ಲಾ ಬಾಗಿಲೂ ತೆಗೆದಿಟ್ಟಿದ್ರಿ, ಅಲ್ವಾ?" ಎಂದರು ಮೇಡಂ, ಮುನ್ನುಡಿಯಿಲ್ಲದೆ.

"ಹೌದು ಮೇಡಂ. ಯಾರೋ ಹೇಳಿದ್ದನ್ನ ನಂಬಿ ಮಾಡಿದೆ."

"ಎಲ್ಲರೂ ಒಂದ್ಸಲ ಮಾಡ್ತಾರೆ. ಆಮೇಲೆ ಮೂರು ಸಾಲಲ್ಲಿ ಸರಿ ಮಾಡಿದೀರಿ. ಮಧ್ಯೆ ಏನೂ ಕೆಡಿಸಿಲ್ಲ. ಹೆಚ್ಚಿನವರು ಗಾಬರಿಯಾಗಿ ಇನ್ನೂ ಹತ್ತು ಕಡೆ ಕೈ ಹಾಕಿರ್ತಾರೆ."

"ಆ ಮೂರು ಸಾಲಿಗೆ ಊರೆಲ್ಲಾ ಸುತ್ತಿದೀನಿ ಮೇಡಂ."

"ಅದು ಲಾಗಲ್ಲಿ ಬರಲ್ಲ ಬಿಡಿ." ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಇಲ್ಲೊಂದು ಕನೆಕ್ಷನ್ನು ಬೆಳಗ್ಗಿಂದ ತೆರೆದೇ ಇದೆ. ಯಾರದು?"

"ನಂದೇ. ಮುಚ್ಚೋಕೆ ಭಯ ಆಯ್ತು."

"ನಾನು ಬಂದಾಯ್ತಲ್ಲ, ಇನ್ನು ಮುಚ್ಚಿ. ಸೋಮವಾರ ಬೆಳಗ್ಗೆ, ಮಗೂನ ಶಾಲೆಗೆ ಬಿಟ್ಟು ಬನ್ನಿ. ಮೂರು ತಿಂಗಳು ನೋಡೋಣ."

ಫೋನ್ ಇಟ್ಟೆ. ಕಿಟಕಿ ಇನ್ನೂ ಇದೆಯೇ ಎಂದು ಅಭ್ಯಾಸಬಲದಿಂದ ಕೀಲಿ ಒತ್ತಿದೆ. ಇತ್ತು. 'ಹೊರಡು' ಎಂಬ ಆ ಪುಟ್ಟ ಪದ ಬರೆದೆ, ಪರದೆ ಖಾಲಿಯಾಯಿತು. ಬೆಳಗ್ಗಿನಿಂದ ಮೊದಲ ಸಲ ಲ್ಯಾಪ್‌ಟಾಪ್ ಮಡಚಿದೆ. ಅದರ ಬೆನ್ನು ಬಿಸಿಯಾಗಿತ್ತು.

"ಸಂಜೆ ಆಯ್ತಲ್ಲ ಅಮ್ಮಾ," ಗುಬ್ಬಿ ಬಾಗಿಲಿಗೆ ಒರಗಿ ನಿಂತಿದ್ದಳು. "ಗೊತ್ತಾಯ್ತಾ?"

"ಗೊತ್ತಾಯ್ತು. ರಾತ್ರಿ ಮನೇಲೇ ಇರ್ತೀನಿ."

"ದಿನಾನೂ?"

"ದಿನಾನೂ. ಹೊಟ್ಟೆನೋವು ಹೇಗಿದೆ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದಳು. "ಹಸಿವು," ಎಂದಳು.