ಕೈ ಮಾಡುವುದು

ನಮೂನೆಯ ಮೂವತ್ತನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಪತಿ ನಿಮ್ಮ ಮೇಲೆ ದೈಹಿಕ ಹಿಂಸೆ ನಡೆಸಿದ್ದಾರೆಯೇ?’ ಮೊದಲೆರಡು ದಿನ ನಾನು ಅದನ್ನು ಇದ್ದ ಹಾಗೆಯೇ, ತಲೆ ಎತ್ತದೆ ಓದಿದೆ. ಎಲ್ಲರೂ ಇಲ್ಲ ಎಂದರು. ತುಟಿ ಸೀಳಿ ಹೊಲಿಗೆ ಹಾಕಿಸಿಕೊಂಡಿದ್ದವಳೂ, “ಅಯ್ಯೋ, ಹಿಂಸೆಯೆಲ್ಲ ಇಲ್ಲಮ್ಮ, ನಮ್ಮವರು ಆ ಥರ ಅಲ್ಲ” ಎಂದಳು.

ಬಟ್ಟೆ ಕಾರ್ಖಾನೆ ಬಂದ ಮೇಲೆ ಆ ಬಡಾವಣೆಯ ಹೆಂಗಸರ ಬದುಕು ಎಷ್ಟು ಸುಧಾರಿಸಿದೆ ಎಂದು ಅಳೆಯುವ ಸಮೀಕ್ಷೆ ಅದು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಮೂರು ತಿಂಗಳ ಕೆಲಸ.

ಮೂರನೆಯ ದಿನ, ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿ ಕಾಜಾ ಅಕ್ಕ ಸಿಕ್ಕಳು. ಅಂಗಿಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹೊಡೆಯುವ ಮಷೀನಿನಲ್ಲಿ ಕೂರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಕತ್ತಿನ ಮೇಲೆ ಐದು ಬೆರಳೂ ಮೂಡಿದ್ದವು. ನಾನು ಪ್ರಶ್ನೆ ಓದಿದೆ. ಅವಳು ನಕ್ಕಳು.

“ಹಿಂಸೆ ಅಂದ್ರೆ ಟೀವಿಲಿ ಬರುತ್ತಲ್ಲ, ಕಟ್ಟಿ ಹಾಕಿ, ಸೀಮೆಎಣ್ಣೆ ಸುರಿದು, ಅದು. ನಮ್ಮನೇಲಿ ಕೈ ಮಾಡ್ತಾರೆ, ಅಷ್ಟೆ.”

“ಕೈ ಮಾಡ್ತಾರೆ ಅಂದ್ರೆ?”

“ಇಷ್ಟೊಂದು ಓದಿದ್ದೀಯ, ಇದು ಗೊತ್ತಿಲ್ವಾ?” ಅವಳು ರವಿಕೆಯ ತೋಳು ಸರಿಸಿದಳು. ಇಸ್ತ್ರಿ ಪೆಟ್ಟಿಗೆಯ ಮೂತಿ ಚರ್ಮದಲ್ಲಿ ಹಾಗೆಯೇ ಅಚ್ಚಾಗಿತ್ತು. “ಕೆಲಸಕ್ಕೆ ಸೇರೋ ಮುಂಚೆ ಬರೀ ಕೈ. ಈಗ ನಾನು ದುಡಿಯೋಳಲ್ವಾ, ಮರ್ಯಾದೆ ಜಾಸ್ತಿಯಾಗಿದೆ. ಸಾಮಾನು ಹಿಡ್ಕೊಂಡು ಬರ್ತಾರೆ.”

ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆಮೇಲೆ ಮೊದಲೆರಡು ದಿನ ಹೋಗಿದ್ದ ಮನೆಗಳ ಬಾಗಿಲನ್ನೂ ಮತ್ತೆ ತಟ್ಟಿ, “ಕೈ ಮಾಡ್ತಾರಾ?” ಎಂದು ಕೇಳಿದೆ. ಹೆಂಗಸರು ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದರು. ಒಬ್ಬಳಿಗೆ ಬೆಲ್ಟಿನ ಬಕಲಿನಿಂದ. ಒಬ್ಬಳ ತಲೆಯನ್ನು ನೀರಿನ ಡ್ರಮ್ಮಿನೊಳಗೆ ಒತ್ತಿ ಹಿಡಿದದ್ದು. ಬಸುರಿಯೊಬ್ಬಳ ಹೊಟ್ಟೆಗೆ ಒದ್ದದ್ದು. ಈಗ ಅವಳು ಬಸುರಿಯಲ್ಲ. ತುಟಿ ಸೀಳಿದವಳು, “ಹಾಗೆ ಕೇಳು ಮತ್ತೆ” ಎಂದಳು.

ನಮೂನೆಗಳನ್ನು ನೋಡಿ ನಮ್ಮ ಮೇಲ್ವಿಚಾರಕರು ಕನ್ನಡಕ ತೆಗೆದಿಟ್ಟರು.

“ಏನಮ್ಮಾ, ಬೀದಿಗೆ ಬೀದಿಯನ್ನೇ ಹೊಡೆಸಿಬಿಟ್ಟಿದ್ದೀಯಲ್ಲ. ಹೆಂಗಸರಿಗೆ ಕೆಲಸ ಸಿಕ್ಕಿ ಮನೇಲಿ ಹೊಡೆತ ನಿಂತಿದೆ ಅಂತ ಮೇಲಿನವರು ಭಾಷಣ ಬರೆಸಿ ಇಟ್ಕೊಂಡಿದ್ದಾರೆ. ಪ್ರಶ್ನೆ ತಿದ್ದು ಅಂತ ನಿನಗೆ ಹೇಳಿದವರು ಯಾರು?”

“ಅವರಿಗೆ ಅರ್ಥ ಆಗ್ಲಿ ಅಂತ, ಸಾರ್.”

“ಅರ್ಥ ಆಗಿದ್ದು ಸಾಕು. ಭಾನುವಾರ ಮರುಪರಿಶೀಲನೆಗೆ ಹೋಗೋಣ.” ಕಟ್ಟಿನ ಮೇಲಿದ್ದ ಕಾಜಾ ಅಕ್ಕನ ನಮೂನೆಯನ್ನೇ ಎಳೆದುಕೊಂಡರು.

ಭಾನುವಾರ ಅವಳ ಗಂಡ ಮನೆಯಲ್ಲಿರುತ್ತಾನೆ ಎನ್ನಬೇಕಿತ್ತು. “ಆಗ್ಲಿ, ಸಾರ್,” ಎಂದೆ.

ಭಾನುವಾರ ಹನ್ನೊಂದು ಗಂಟೆಗೆ ಹೋದಾಗ ಗಂಡ ಮಂಚದ ಮೇಲೆ ಕೂತಿದ್ದ. ವೆಲ್ಡಿಂಗ್ ಕೆಲಸದವನು, ಮುಂಗೈ ತುಂಬ ಕಿಡಿ ಹಾರಿದ ಚುಕ್ಕೆಗಳು. ಅವನ ತಾಯಿ ನೆಲದಲ್ಲಿ ಮೊರ ಇಟ್ಟುಕೊಂಡು ಕಾಳು ಆರಿಸುತ್ತಿದ್ದಳು. ಮೇಲ್ವಿಚಾರಕರು ಇದ್ದೊಂದು ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದಿದರು: “ಇಸ್ತ್ರಿ ಪೆಟ್ಟಿಗೆಯಿಂದ ತೋಳು ಸುಟ್ಟಿದ್ದಾರೆ ಅಂತಿದೆ. ನಿಜವೇನಮ್ಮ?”

“ಯಾರು ಬರೆದದ್ದು?” ಎಂದು ಗಂಡ ಮೆಲ್ಲಗೆ ಕೇಳಿದ.

“ನಾನೇ ತಪ್ಪು ಬರೆದೆ,” ನಾನೆಂದೆ. “ಬೇರೆ ಮನೇದು ಇಲ್ಲಿ ಸೇರ್ಕೊಂಡಿದೆ.”

ಮೇಲ್ವಿಚಾರಕರು ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದರು.

“ಗೀಟು ಹಾಕ್ಬೇಡಿ ಸಾರ್,” ಎಂದಳು ಕಾಜಾ ಅಕ್ಕ. “ಅವಳ್ಯಾಕೆ ತಪ್ಪು ಬರೀತಾಳೆ? ನಾನು ಹೇಳಿದ್ದನ್ನೇ ಬರೆದಿದ್ದಾಳೆ.”

ಅವನು ಕೈಗೆ ಸಿಕ್ಕಿದ ನೀರಿನ ತಂಬಿಗೆಯಿಂದ ಅವಳ ಕಿವಿಗೆ ಹೊಡೆದ. ನೀರು ನಮ್ಮೆಲ್ಲರ ಮೇಲೂ ಚಿಮ್ಮಿತು. ಅವಳು ಬೀಳುವ ಮೊದಲೇ ಜುಟ್ಟು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಎರಡನೆಯ ಸಲ ಬಂದ ಸದ್ದು ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ, ಒದ್ದೆಯಾಗಿತ್ತು. ಅತ್ತೆ ಮೊರವನ್ನು ಪಕ್ಕಕ್ಕೆ ಎಳೆದುಕೊಂಡಳು, ಕಾಳು ಚೆಲ್ಲದ ಹಾಗೆ. “ಈ ಕೈಯಲ್ಲಲ್ವಾ ದುಡಿಯೋದು,” ಎನ್ನುತ್ತ ಅವನು ನೆಲದ ಮೇಲಿದ್ದ ಅವಳ ಬಲಗೈಯನ್ನು ಹಿಮ್ಮಡಿಯಿಂದ ಅರೆದ. ಬೆರಳುಗಳು ಲಟಕ್ಕೆಂದವು.

ನಾನು ಯಾವಾಗ ಎದ್ದೆನೋ ತಿಳಿಯದು. ಅವನ ತೋಳಿಗೆ ಜೋತುಬಿದ್ದಿದ್ದೆ, ಹಲ್ಲು ಊರಿದ್ದೆ. ಮುಷ್ಟಿ ನನ್ನ ಬಾಯಿಗೆ ಬಂತು. ಗೋಡೆಗೆ ಬಡಿದು ಕೂತಾಗ ನಾಲಿಗೆಯ ಮೇಲೊಂದು ಹಲ್ಲಿತ್ತು.

“ಬಾ, ಬಾ, ಇನ್ನೊಂದು ದಿನ ಬರೋಣ,” ಎಂದು ಮೇಲ್ವಿಚಾರಕರು ಮೆಟ್ಟಿಲಿನಿಂದ ಕರೆಯುತ್ತಿದ್ದರು.

ಅಕ್ಕಪಕ್ಕದ ಹೆಂಗಸರು ನುಗ್ಗಿ ನಮ್ಮಿಬ್ಬರನ್ನೂ ಹೊರಗೆಳೆದು ಆಟೋಗೆ ಹತ್ತಿಸಿದರು. ಅತ್ತೆಯೂ ಹತ್ತಿದಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು, “ಹೇಗಾಯ್ತು?” ಎಂದ. ಕಾಜಾ ಅಕ್ಕನ ದವಡೆ ಬಾತು ಬಾಯಿ ತೆರೆಯಲಾಗುತ್ತಿರಲಿಲ್ಲ. “ಮೆಟ್ಲಿಂದ ಜಾರಿದ್ಳು,” ಎಂದಳು ಅತ್ತೆ. ಅವನು ಬರೆಯತೊಡಗಿದ.

“ಅಲ್ಲ, ಗಂಡ ಹೊಡೆದದ್ದು,” ನಾನೆಂದೆ.

“ಮನೆ ವಿಷಯ ಮನೆಯವರು ಹೇಳ್ಲಿ,” ಅವನು ತಲೆ ಎತ್ತಲಿಲ್ಲ. “ನಿಮ್ಮ ಬಾಯಿಗೇನಾಯ್ತು?”

“ಅವನೇ ಹೊಡೆದ.”

“ಅವನು ನಿಮಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

ಪೆನ್ನು ನಿಂತಿತು. ಅವನು ಮೊದಲ ಸಲ ನನ್ನ ಮುಖ ನೋಡಿದ. “ಸಂಬಂಧ ಇಲ್ಲದವನು ಹೊಡೆದನಾ? ಹಾಗಿದ್ರೆ ಇದು ಪೊಲೀಸ್ ಕೇಸು,” ಎಂದು ಫೋನೆತ್ತಿದ.

ಅತ್ತೆ ನನ್ನ ತೋಳು ಹಿಡಿದುಕೊಂಡಳು. “ಬೇಡ ಕಣೇ ತಾಯಿ. ಹೊರಗಿನವಳು ನೀನು, ನಿನಗ್ಯಾಕೆ ಇದೆಲ್ಲ.”

“ಹೊರಗಿನವಳು ಅಂತಾನೇ ಬರ್ಕೊಳ್ಳಿ,” ನಾನು ಅವನಿಗೆ ಹೇಳಿದೆ. ರಕ್ತ ಉಗುಳಿ ಮತ್ತೆ ಹೇಳಬೇಕಾಯಿತು. “ನಾನು ಅಲ್ಲಿ ಯಾಕಿದ್ದೆ, ಅವನು ಆಗ ಯಾರನ್ನ ಹೊಡೀತಿದ್ದ, ಅದನ್ನೂ ಬರ್ಕೊಳ್ಳಿ.”

ಬೆಂಚಿನ ಮೇಲೆ ಒರಗಿದ್ದ ಕಾಜಾ ಅಕ್ಕ, ಇನ್ನೂ ಕೇಳುತ್ತಿದ್ದ ಒಂದು ಕಿವಿಯನ್ನು ನಮ್ಮ ಕಡೆ ತಿರುಗಿಸಿದಳು.